ಅರವತ್ತೆರಡು ಪರ್ಸೆಂಟ್ ಪಾಂಡಿತ್ಯ

(ಉಡುಪಿ ರಥಬೀದಿಯ ಹೋಟೆಲು. ಗೋಳಿಬಜೆ ತಟ್ಟೆಯ ಪಕ್ಕ ಪಿಎಚ್‌ಡಿ ಪ್ರಬಂಧ, ಮೇಲೆ ಎಣ್ಣೆ ಕಲೆ.)

ಗೈಡ್: ಎಂತ ಮಾರಾಯ ಇದು, ಕೃತಿಚೌರ್ಯ 62 ಪರ್ಸೆಂಟ್!

ಶಿಷ್ಯ: ಫಸ್ಟ್ ಕ್ಲಾಸ್ ಅಲ್ವಾ ಸರ್?

ಗೈಡ್: ಯುಜಿಸಿಯ 2018ರ ನಿಯಮ ಉಂಟಲ್ಲ, 10ರವರೆಗೆ ಮಾಫಿ. 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಒಂದು ವರ್ಷ ತಿದ್ದಿಯೂ ಕೊಡುವ ಹಾಗಿಲ್ಲ. ಅದಕ್ಕೂ ಮೇಲೆ ಹೋದರೆ ನೋಂದಣಿಯೇ ರದ್ದು!

ಶಿಷ್ಯ: ಕಾರ್ಕಳದ ಗೊಮ್ಮಟನೂ ಬೆಳಗೊಳದ ಕಾಪಿಯೇ ಅಲ್ವಾ ಸರ್?

ಗೈಡ್: 1432ರಲ್ಲಿ ವೀರಪಾಂಡ್ಯ ಬೇರೆ ಬಂಡೆ ಕಡಿಸಿದ. ನೀನು ಬೆಳಗೊಳದ್ದನ್ನೇ ಎತ್ತಿಕೊಂಡು ಬಂದಿದ್ದಿ!

ಶಿಷ್ಯ: ಹಾಗಾದ್ರೆ ನಾಲ್ಕನೇ ಅಧ್ಯಾಯ ತೆಗೆಯಲಾ? ಅದು ನಿಮ್ಮ ಥೀಸಿಸ್‌ನದ್ದು. ಸಾಫ್ಟ್‌ವೇರ್ ಅದಕ್ಕೆ ಬೇರೆಯವರ ಹೆಸರು ತೋರಿಸ್ತಾ ಉಂಟು.

ಗೈಡ್: (ಬೆವರು ಒರೆಸುತ್ತಾ) ವಿಭಾಗದ ವಿಚಾರಣಾ ಸಮಿತಿಗೆ ಅಧ್ಯಕ್ಷ ನಾನೇ ಮಾರಾಯ. ಮೊದಲು ಆ ಸಾಫ್ಟ್‌ವೇರನ್ನು ಅಮಾನತು ಮಾಡುವಾ!