ಧಾರಾವಾಹಿ ಬಲಾಬಲ ಮೀಮಾಂಸೆ

ಸಂಜೆ ಆರೂವರೆಯಿಂದ ರಾತ್ರಿ ಹತ್ತೂವರೆಯ ತನಕ ನಾಡಿನ ಗೃಹಸ್ಥಾಶ್ರಮವನ್ನು ಸ್ತಂಭನಗೊಳಿಸತಕ್ಕ ಕೌಟುಂಬಿಕ ಧಾರಾವಾಹಿಗೆ ಇದುವರೆಗೆ ಒಂದು ಲಕ್ಷಣಗ್ರಂಥವಿಲ್ಲದಿರುವುದು ಪಂಡಿತವರ್ಗದ ಔದಾಸೀನ್ಯಕ್ಕೆ ಸಾಕ್ಷಿಯೆಂದು ನಾನು ಬಹುಕಾಲದಿಂದ ಭಾವಿಸಿದ್ದೆನು. ಆದರೆ ಈಚೆಗೆ ಒಂದು ಕಾಲೇಜಿನ ವಿಚಾರಸಂಕಿರಣದಲ್ಲಿ (ಹೆಸರು ಬೇಡ, ಊಟ ಹಾಕಿದ್ದಾರೆ) ಐದು ತಾಸು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು, ಸೊಸೆಯು ಅತ್ತೆಯ ಕಾಲಿಗೆ ಬೀಳುವುದೆಂದರೆ ‘ಅಧಿಕಾರ ಸಂಕಥನದ ನೆಲೆಯಲ್ಲಿ ದೇಹವು ನಡೆಸುವ ಅನುಸಂಧಾನ’ವೆಂದು ವಿದ್ವಾಂಸರೊಬ್ಬರು ವಿವರಿಸಿದುದನ್ನು ಕೇಳಿದ ಮೇಲೆ, ಔದಾಸೀನ್ಯವೇ ಶ್ರೇಯಸ್ಕರವಾಗಿತ್ತೆಂದು ಮನವರಿಕೆಯಾಯಿತು. ಶಾಸ್ತ್ರವೊಂದು ಬೇಕೇ ಬೇಕೆಂದಾದಲ್ಲಿ ನಾನೇ ಬರೆಯುವುದು ಲೇಸು. ಮುನಿರಾಬಾದಿನಲ್ಲಿ, ತುಂಗಭದ್ರೆಯ ಎಡದಂಡೆಯ ಮೇಲೆ ಕುಳಿತು, ಒಳಹರಿವು ಹೊರಹರಿವುಗಳ ಲೆಕ್ಕ ಬರೆಯುತ್ತ ಆಯುಷ್ಯವನ್ನು ಕಳೆದವನು ನಾನು. ನೀರನ್ನು ತಡೆದು ನಿಲ್ಲಿಸಿ ಹೊತ್ತು ನೋಡಿ ಬಿಡುವ ವಿದ್ಯೆ ನನಗೆ ಹೊಸತಲ್ಲ. ಧಾರಾವಾಹಿಯ ವ್ಯವಹಾರವೂ ಅದೇ; ನೀರು ಮಾತ್ರ ಕಣ್ಣಿನದು.

ಪ್ರಥಮ ಪ್ರಕರಣ: ಲಕ್ಷಣ

ಅತ್ತೆಯ ದೆಸೆಯಿಂದ ಹುಟ್ಟಿ, ಸೊಸೆಯ ಕಣ್ಣೀರಿನಿಂದ ಬೆಳೆದು, ಸಾಬೂನು ಮಸಾಲೆಗಳ ಜಾಹೀರಾತಿನಿಂದ ಪೋಷಿತವಾಗಿ, ಗುರುವಾರಕ್ಕೊಮ್ಮೆ ಹೊರಬೀಳುವ ಟಿಆರ್‌ಪಿಯೆಂಬ ಜಾತಕಫಲದ ಹೊರತು ಮತ್ತಾವುದರಿಂದಲೂ ಮರಣ ಹೊಂದದ ದೃಶ್ಯಪ್ರಬಂಧವೇ ಕೌಟುಂಬಿಕ ಧಾರಾವಾಹಿ. ಭರತಮುನಿಯು ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣವೆಂಬ ಐದು ಸಂಧಿಗಳನ್ನು ವಿಧಿಸಿದನು. ಧಾರಾವಾಹಿಯು ಮೊದಲ ಮೂರನ್ನು ಅಕ್ಷರಶಃ ಪಾಲಿಸುತ್ತದೆ: ಮಾತಾಡಿದವಳ ಮುಖವನ್ನು ತೋರಿಸುವುದು ಮುಖಸಂಧಿ, ಆ ಮಾತು ಕಿವಿಗೆ ಬಿದ್ದ ಏಳು ಜನರ ಮುಖಗಳನ್ನು ಒಂದಾದ ಮೇಲೊಂದರಂತೆ ತೋರಿಸುವುದು ಪ್ರತಿಮುಖಸಂಧಿ, ಸೊಸೆಗೆ ವಾಂತಿಯಾಗಿ, ಮನೆಯವರು ಪೇಡೆ ಹಂಚಿ, ಮೂರು ವಾರದ ತರುವಾಯ ಅದು ಪಿತ್ತವೆಂದು ತಿಳಿದುಬರುವುದು ಗರ್ಭಸಂಧಿ. ವಿಮರ್ಶಸಂಧಿಯನ್ನು ಮನೆಯ ಹೆಂಗಸರು ಕಟ್ಟೆಯ ಮೇಲೆ ನಡೆಸಿಕೊಳ್ಳುತ್ತಾರೆ. ನಿರ್ವಹಣದ ಮಾತನ್ನು ವಾಹಿನಿಯವರ ಮುಂದೆ ಎತ್ತಬಾರದು. ಕಾವ್ಯದ ಆತ್ಮ ಧ್ವನಿಯೆಂದ ಆನಂದವರ್ಧನನ ಸಿದ್ಧಾಂತಕ್ಕೂ ಇಲ್ಲಿ ಲೋಪವಿಲ್ಲ. ಆ ಧ್ವನಿಯು ‘ಢಣ್’ ಎಂಬುದು, ಮೂರು ಸಲ.

ಸಿದ್ಧಾಂತಕ್ಕೆ ಪ್ರಯೋಗದ ಬೆಂಬಲವಿರಬೇಕಾದುದರಿಂದ ಒಂದು ಸಂಜೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕುಳಿತೆನು. ಪರದೆಯ ಮೇಲೆ ಅತ್ತೆಯು, ಸೊಸೆಯ ಪೆಟ್ಟಿಗೆಯೊಳಗಿಂದ ತೆಗೆದ ತಾಳಿಯೊಂದನ್ನು ಎತ್ತಿ ಹಿಡಿದು, “ಈ ತಾಳಿ ಯಾರದು?” ಎಂದು ಕೇಳಿದಳು. ಸೊಸೆಯ ತುಟಿ ನಡುಗಿತು. ಗಂಡ, ಮೈದುನ, ನಾದಿನಿ, ಅಡಿಗೆಯವ, ಕಡೆಗೆ ಗೋಡೆಯ ಮೇಲಿದ್ದ ದಿವಂಗತ ಮಾವ, ಇವರೆಲ್ಲರ ಮುಖಗಳನ್ನೂ ಮೂರು ಮೂರು ಸಲ ಸಂದರ್ಶಿಸಿ ದೃಶ್ಯವು ಮರಳಿ ತಾಳಿಗೆ ಬರುವಷ್ಟರಲ್ಲಿ ನಮ್ಮ ಮನೆಯಾಕೆ ಒಳಗೆ ಎರಡು ಜೋಳದ ರೊಟ್ಟಿ ಬಡಿದು, ಬೇಯಿಸಿ, ಬುಟ್ಟಿಗೆ ಹಾಕಿ, ಮೂರನೆಯದಕ್ಕೆ ಹಿಟ್ಟು ನಾದುತ್ತಿದ್ದಳು. ಅಂದು ಶುಕ್ರವಾರ. ಉತ್ತರವನ್ನು ಸೋಮವಾರಕ್ಕೆ ಇಟ್ಟರು. ಸೋಮವಾರವೂ ಸೊಸೆಯು ಬಾಯಿ ಬಿಡಲಿಲ್ಲ. ಈ ಪರಿಮಾಣಕ್ಕೆ ‘ರೊಟ್ಟಿಮಾನ’ವೆಂದು ನಾಮಕರಣ ಮಾಡಿದ್ದೇನೆ, ಮುಂದಿನ ಸಂಶೋಧಕರು ಇದನ್ನು ಮನ್ನಿಸಬಹುದು.

ದ್ವಿತೀಯ ಪ್ರಕರಣ: ಪಂಚವಿಧ ಬಲಗಳು

ಮೊದಲನೆಯದು ಧಾರಣಬಲ. ನಾಟ್ಯಶಾಸ್ತ್ರವು ಹೇಳುವ ವ್ಯಭಿಚಾರಿಭಾವಗಳು 33. ನಮ್ಮ ಜಲಾಶಯದ ಕ್ರಸ್ಟ್ ಗೇಟುಗಳೂ 33. ಇದನ್ನು ಕಾಕತಾಳೀಯವೆನ್ನುವವರು ಶಾಸ್ತ್ರದ್ರೋಹಿಗಳು. ನಿರ್ವೇದದಿಂದ ವಿತರ್ಕದವರೆಗಿನ ಅಷ್ಟೂ ಗೇಟುಗಳನ್ನು ಮುಚ್ಚಿ, ಒಳಹರಿವನ್ನು ವರ್ಷಾನುಗಟ್ಟಲೆ ತಡೆದು, ಮಹಾಸಂಚಿಕೆಯ ದಿನ ಒಂದೇ ಒಂದನ್ನು ಎರಡು ಅಡಿ ಮೇಲೆತ್ತುವ ಧಾರಾವಾಹಿಕಾರನ ಮುಂದೆ ನಮ್ಮ ಇಂಜಿನಿಯರುಗಳು ಏತರವರು?

ಎರಡನೆಯದು ಚಿರಂಜೀವಿಬಲ. ‘ಪುಟ್ಟಗೌರಿ ಮದುವೆ’ಯ ನಾಯಕಿಯು ಬೆಟ್ಟದಿಂದ ಬಿದ್ದೂ ಬದುಕಿ, ಕಾಡಿನಲ್ಲಿ ಹುಲಿಗೆ ಎದುರಾಗಿಯೂ ಕುಂಕುಮ ಕದಡದಂತೆ ಬಂದುದನ್ನು ನಾಡೆಲ್ಲ ನೋಡಿ ನಕ್ಕಿತು, ನಕ್ಕರೂ ನೋಡಿತು. ಕಿನ್ನಾಳದ ಗೊಂಬೆಗಾದರೂ ಬಿದ್ದರೆ ಮೂಗು ಮುಕ್ಕಾದೀತು. ಈ ನಾಯಕಿಯರ ಬಣ್ಣಕ್ಕೆ ಆ ಭಯವಿಲ್ಲ.

ಮೂರನೆಯದನ್ನು ಹೇಳುವಾಗ ನನ್ನ ಅಣಕಿಗೆ ನಾಲಗೆ ಏಳುವುದಿಲ್ಲ. ಟಿ. ಎನ್. ಸೀತಾರಾಮ್ ಅವರ ‘ಮಾಯಾಮೃಗ’, ಆಮೇಲೆ ‘ಮುಕ್ತ’ ಬರುತ್ತಿದ್ದ ಕಾಲದಲ್ಲಿ, ನ್ಯಾಯಾಲಯದ ಕಟಕಟೆಯೂ ಮಧ್ಯಮವರ್ಗದ ಮನೆಯ ಸಾಲವೂ ಜನರ ಮಾತಿನೊಳಗೆ ಬಂದವು. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿಯವರು ಕಿರುತೆರೆಗೆ ತಂದಾಗ, ಅಳುವುದಕ್ಕೆ ‘ಢಣ್’ ಬೇಕಿಲ್ಲವೆಂಬುದು ಸಿದ್ಧವಾಯಿತು. ಮೆಸ್ ನಡೆಸಿ ಹೆಣ್ಣುಮಕ್ಕಳನ್ನು ಬೆಳೆಸುವ ಪುಟ್ಟಕ್ಕನಾಗಿ ಉಮಾಶ್ರೀಯವರು ಬಂದು ನಿಂತಾಗ, ನಮ್ಮ ಓಣಿಯಲ್ಲಿ ಖಾನಾವಳಿ ನಡೆಸುವ ಹೆಂಗಸು ಸೆರಗು ಸಿಕ್ಕಿಸಿಕೊಂಡು ಕುಳಿತು, ತನ್ನನ್ನೇ ನೋಡಿಕೊಂಡಳು. ಇದನ್ನು ಬಲವಲ್ಲವೆಂದರೆ ನಾಲಗೆಗೆ ಹುಳ ಬಿದ್ದೀತು. ನಾಲ್ಕನೆಯ ಮತ್ತು ಐದನೆಯ ಬಲಗಳನ್ನು ಸಂಖ್ಯೆಯ ಅಂದಕ್ಕಾಗಿ ಹೇಳಿದ್ದೆ, ಅವು ಇಲ್ಲ.

ತೃತೀಯ ಪ್ರಕರಣ: ಸಪ್ತವಿಧ ದೌರ್ಬಲ್ಯಗಳು

ಪ್ರಥಮತಃ ಹೂಳು. ನಮ್ಮ ಜಲಾಶಯ 1953ರಲ್ಲಿ ತುಂಬತೊಡಗಿದಾಗ ಅದರ ಸಾಮರ್ಥ್ಯ 133 ಟಿಎಂಸಿ. ಹೂಳು ತುಂಬಿ ತುಂಬಿ ಈಗ 105.788 ಟಿಎಂಸಿಗೆ ಇಳಿದಿದೆ. ಹಾಗೆ ಹೂಳು ತುಂಬಲು ನದಿಗೆ ಎಪ್ಪತ್ತು ವರ್ಷ ಹಿಡಿಯಿತು. ಧಾರಾವಾಹಿಗೆ ಎಪ್ಪತ್ತು ಸಂಚಿಕೆ ಸಾಕು. ನಾಯಕನಿಗೆ ಮರೆವಿನ ರೋಗ, ನಾಯಕಿಗೆ ಅವಳಿ, ಸತ್ತವನ ಪುನರಾಗಮನ, ನಾಗದೋಷ, ಇವೆಲ್ಲ ಕಥೆಯ ತಳದಲ್ಲಿ ನಿಂತು, ಮೇಲೆ ಮೊಳಕಾಲುದ್ದದ ನೀರು ಮಾತ್ರ ತೆಳ್ಳಗೆ ಹೊಳೆಯುತ್ತಿರುತ್ತದೆ.

ದ್ವಿತೀಯತಃ ಭಾಷೆ. ಇಲ್ಲಿ ಈ ಸಪ್ತವಿಧದ ಆಟವನ್ನು ಬಿಡುತ್ತೇನೆ. ಉಳಿದ ಐದನ್ನು ಓದುಗರೇ ಎಣಿಸಿಕೊಳ್ಳಲಿ, ನನಗೆ ಸಿಟ್ಟು ಬಂದಿದೆ. ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗಕಾರನು ಕನ್ನಡದ ತಿರುಳೆಲ್ಲಿ ಎಂದು ಗುರುತಿಸುವಾಗ, ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಹೆಸರಿಸಿದ ಊರು ಕೊಪಣ, ಎಂದರೆ ನಮ್ಮ ಕೊಪ್ಪಳ. ಆ ತಿರುಳಿನ ಮಕ್ಕಳಾದ ನಾವು ಸಂಜೆಯಾದರೆ ಟೀವಿಯ ಮುಂದೆ ಕುಳಿತು ನೋಡುವುದೇನು? ಧಾರಾವಾಹಿಯ ಶ್ರೀಮಂತರ ಮನೆ ಬೆಂಗಳೂರಿನದು, ಹಳ್ಳಿ ಬಹುಮಟ್ಟಿಗೆ ಮಂಡ್ಯದ ಸೀಮೆಯದು. “ಹಂಗ ಮಾಡಬ್ಯಾಡ್ರೀ” ಎನ್ನುವವನು ಒಬ್ಬ ಬಂದನೆಂದರೆ ಅವನು ಅಡಿಗೆಯವ, ಇಲ್ಲವೆ ನಗಿಸುವುದಕ್ಕೆಂದು ಬಂದ ಪೆದ್ದ. ನಮ್ಮ ಮಾತಿನಲ್ಲಿ ಪ್ರೀತಿ ಹೇಳುವ ನಾಯಕನನ್ನು, ಆಸ್ತಿಯ ಪಾಲು ಕೇಳುವ ಮಗಳನ್ನು ತೋರಿಸಲು ಯಾರ ಅಪ್ಪಣೆ ಬೇಕಾಗಿತ್ತು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಅತ್ತೆ ಸೊಸೆಯರಿಲ್ಲವೆ? ನಮ್ಮ ಸೊಸೆಯಂದಿರು ಮೌನವಾಗಿ ಅಳುವುದಿಲ್ಲ. ಎದುರು ನಿಂತು ಮಾತಾಡುತ್ತಾರೆ, ಮಾತಾಡಿದ ಮೇಲೆ ರೊಟ್ಟಿಯನ್ನೂ ಬಡಿಯುತ್ತಾರೆ. ಬಹುಶಃ ಅದೇ ತೊಡಕು: ಸೊಸೆಯು ಮಾತಾಡಿದರೆ ಕಥೆ ಮುಗಿಯುತ್ತದೆ.

2024ರ ಆಗಸ್ಟ್ 10ರ ಶನಿವಾರ ರಾತ್ರಿ, ಅಂದಿನ ಧಾರಾವಾಹಿಗಳೆಲ್ಲ ಮುಗಿದ ಮೇಲೆ, ನಮ್ಮ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಕಡಿಯಿತು, ಗೇಟು ಕೊಚ್ಚಿಹೋಯಿತು. ಹಿನ್ನೆಲೆ ಸಂಗೀತವಿರಲಿಲ್ಲ. ತುಂಬಿದ ನೀರಿನ ಭಾರವನ್ನು ಇಳಿಸುವುದಕ್ಕೆ ಉಳಿದ ಗೇಟುಗಳನ್ನೂ ತೆರೆದರು. ಭರತನ ಪಟ್ಟಿಯನ್ನು ಬೆರಳಿನ ಮೇಲೆ ಎಣಿಸಿದರೆ 19ನೆಯ ಭಾವ ವಿಷಾದ. ಇದನ್ನು ನಾನು ಚಮತ್ಕಾರಕ್ಕೆಂದು ಎಣಿಸಿದೆ, ಎಣಿಸಿದ ಮೇಲೆ ನಗು ಬರಲಿಲ್ಲ. ಸೋಮವಾರ ಸಂಜೆ ನಮ್ಮ ಓಣಿಯ ಯಾವ ಮನೆಯಿಂದಲೂ ಅತ್ತೆಯ ಧ್ವನಿ ಕೇಳಲಿಲ್ಲ. ಎಲ್ಲರೂ ವಾರ್ತೆ ಹಾಕಿಕೊಂಡು, ಹೊರಗೆ ಮೊರೆಯುತ್ತಿದ್ದ ನೀರನ್ನೇ ಒಳಗೆ ಪರದೆಯ ಮೇಲೆ ನೋಡುತ್ತ, ಗಂಗಾವತಿ, ಸಿಂಧನೂರಿನ ಭತ್ತಕ್ಕೆ ಎರಡನೆಯ ಬೆಳೆಯ ನೀರು ಉಳಿದೀತೆ ಎಂದು ಲೆಕ್ಕ ಹಾಕುತ್ತಿದ್ದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್‌ಗಳನ್ನು ಹರಿಯುವ ನೀರಿನೊಳಕ್ಕೇ ಇಳಿಸಿ, 17ನೆಯ ತಾರೀಖಿನ ಹೊತ್ತಿಗೆ ಬಾಯಿ ಮುಚ್ಚಿಸಿದರು. ಒಂದು ವಾರ. ಅಷ್ಟರಲ್ಲಿ ಧಾರಾವಾಹಿಯ ಆ ತಾಳಿ ಯಾರದೆಂಬುದು ಇನ್ನೂ ತಿಳಿದಿರಲಿಲ್ಲ.

ವಾರ್ತೆಯ ಸಂಭ್ರಮ ಅಡಗಿ ಧಾರಾವಾಹಿಯು ಮರಳಿದ ಸಂಜೆ, ನಮ್ಮವ್ವ ಚಾಪೆಯ ಮೇಲೆ ಕುಳಿತು, ಆ ಸೊಸೆಯನ್ನು ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಲಕ್ಷಣಗ್ರಂಥಕಾರನ ಗತ್ತಿನಲ್ಲಿ ನಾನು, “ಯವ್ವಾ, ಅದು ಖರೇ ಅಳು ಅಲ್ಲ ಬೇ, ಗ್ಲಿಸರಿನ್ ಹಚ್ಚಿರ್ತಾರ” ಎಂದೆನು.

“ಆಕೀದು ಸುಳ್ಳಿದ್ದೀತೋ ಯಪ್ಪಾ, ನಂದು ಖರೇನ ಐತಿ” ಎಂದಳು ಅವ್ವ, ಪರದೆಯ ಮೇಲಿಂದ ಕಣ್ಣು ಕೀಳದೆ. “ಊರು ಬಿಡೂ ಮುಂದ ಯಾರು ಅತ್ತಿದ್ವಿ? ಚಕ್ಕಡಿಗೆ ಸಾಮಾನು ಏರ್ಸೂದ್ರಾಗ ಹೊತ್ತು ಹೋತು. ನಮ್ಮವ್ವ ಒಳ್ಳು ಹೆಂಗ ಒಯ್ಯೂದು ಅಂತ ಅದರ ಸುತ್ತಾನ ತಿರುಗಿದ್ಲು. ಅದು ಅಲ್ಲೇ ಉಳೀತು.”

ಜಲಾಶಯದಲ್ಲಿ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವೆಂಬುದನ್ನು ನಾನು ಕಚೇರಿಯ ಕಾಗದದಲ್ಲಿ ಎಷ್ಟೋ ಸಲ ಓದಿದ್ದೆನು. ಆ ಸಂಖ್ಯೆಯೊಳಗೆ ಅಜ್ಜಿಯ ಒರಳೊಂದಿದೆಯೆಂದು ಅವ್ವ ಅಂದಿನವರೆಗೆ ಹೇಳಿರಲಿಲ್ಲ. ಈ ನೀರಿನ ಮಟ್ಟವನ್ನು ದಿನವೂ ಬರೆದಿಟ್ಟ ಕೈ ನನ್ನದೇ. ಸಂಕಥನ, ಅನುಸಂಧಾನಗಳ ವಿದ್ವಾಂಸರೂ, ಅವಳಿ ಸೊಸೆಯರ ನಿರ್ಮಾಪಕರೂ, ರೊಟ್ಟಿಮಾನದ ನಾನೂ ಒಟ್ಟಿಗೆ ಕುಳಿತು ತಲೆ ಕೆರೆದುಕೊಂಡರೂ ಆ ಚಕ್ಕಡಿಯ ಕಥೆಯನ್ನು ಅವಳಿಗೆ ಯಾರೂ ತೋರಿಸಲಿಲ್ಲವಾದುದರಿಂದ, ಎಪ್ಪತ್ತು ವರ್ಷದ ಹಿಂದೆ ಅಳಲು ಹೊತ್ತಿಲ್ಲದೆ ಉಳಿದುದನ್ನು ಅವಳು ಯಾರದೋ ತಾಳಿಯ ನೆವದಲ್ಲಿ, ಅರ್ಧರ್ಧ ಗಂಟೆಯಂತೆ, ಕಂತಿನಲ್ಲಿ ಅತ್ತು ತೀರಿಸುತ್ತಿದ್ದಾಳೆ. ಇದನ್ನು ಬಲದ ಪ್ರಕರಣಕ್ಕೆ ಸೇರಿಸಬೇಕೋ ದೌರ್ಬಲ್ಯಕ್ಕೋ ನನಗೆ ತೋಚುತ್ತಿಲ್ಲ.

ಮರುದಿನ ಇದನ್ನೆಲ್ಲ ಬರೆಯುತ್ತ ಕುಳಿತಿದ್ದಾಗ ಅವ್ವ ಕೂಗಿದಳು: “ಆ ಕಾಗದಾ ಬದಿಗಿಟ್ಟು ಬಾರೋ, ಶುರುವಾತು. ಇವತ್ತರ ಆಕಿ ಬಾಯಿ ಬಿಡ್ತಾಳೋ ಏನೋ, ನೋಡೂಣು.”