ಮೂರು ಬಿಟ್ಟರೆ ನಾಲ್ಕು

ನನ್ನ ಕಾರಿನ ಗೇರ್ ಲಿವರ್ ಆರು ತಿಂಗಳಿಂದ ಮಜ್ಜಿಗೆ ಕಡೆಯುವ ಕಡಗೋಲಿನ ಹಾಗೆ ಆಡುತ್ತಿತ್ತು. ‘ರೀ, ಮೆಕ್ಯಾನಿಕ್‌ಗೆ ತೋರಿಸಬಾರದಾ?’ ಎಂದು ಹೆಂಡತಿ ಹೇಳಿದ್ದು ಒಂದೆರಡು ಸಲವಲ್ಲ. ಆದರೆ ತೋರಿಸಲು ಹೋದರೆ ಒಂದಕ್ಕೆ ನಾಲ್ಕು ರಿಪೇರಿ ಹೇಳುತ್ತಾರೆ ಎಂಬುದು ನನ್ನ ಸಿದ್ಧಾಂತ. ಒಂದು ಭಾನುವಾರ ನಾನೇ ಲಿವರಿನ ಬುಡದ ರೆಕ್ಸಿನ್ ಲಂಗ ಎತ್ತಿ ಎರಡು ಚಮಚ ಕೊಬ್ಬರಿ ಎಣ್ಣೆ ಬಿಟ್ಟೆ. ವಾರವಿಡೀ ಕಾರು ಆಗತಾನೇ ತಲೆ ಬಾಚಿಕೊಂಡು ಬಂದವರ ಹಾಗೆ ಘಮಘಮ ಅಂದಿತು. ಲಿವರ್ ಮಾತ್ರ ಆಡುವುದನ್ನು ಬಿಡಲಿಲ್ಲ.

ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಒಳ್ಳೆಯ ಕೆಲಸ ಶುರುಮಾಡಲು ಎಲ್ಲರೂ ಹಿಂಜರಿಯುವ ಆ ಹೊತ್ತಿಗೇ ಬನಶಂಕರಿ ಅಮ್ಮನ ಗುಡಿ ತುಂಬುವುದು. ನಿಂಬೆಹಣ್ಣು ಕತ್ತರಿಸಿ, ರಸ ಹಿಂಡಿ, ಹೋಳನ್ನು ಒಳಮಗ್ಗುಲು ತಿರುಗಿಸಿ, ಎಣ್ಣೆ ಬತ್ತಿ ಇಟ್ಟು ದೀಪ ಹಚ್ಚುತ್ತಾರೆ. ಹೆಂಡತಿ ದೀಪ ಹಚ್ಚಿ ಬಂದಳು. ನಾನು ರಿವರ್ಸ್ ಹಾಕಿದೆ. ಲಿವರ್ ಹೋಯಿತು, ಗೇರ್ ಹೋಗಲಿಲ್ಲ.

ಮೊದಲನೆಯದಕ್ಕೆ ಒತ್ತಿದೆ, ಕಾರು ಮೂರನೆಯದರಲ್ಲಿ ನರಳಿತು. ಎರಡಕ್ಕೆ ಎಳೆದೆ, ನಾಲ್ಕು ಬಿತ್ತು. ಕಾರು ತಗೊಂಡ ದಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದೆವು, ಗೇರಿಗೆ ಇಡಬೇಕು ಅಂತ ಯಾರೂ ಹೇಳಿರಲಿಲ್ಲ. ಹೂವಿನವರು, ಒಬ್ಬ ಆಟೋದವನು, ದರ್ಶನ ಮುಗಿಸಿ ಬಂದಿದ್ದ ಇಬ್ಬರು ಹುಡುಗರು ಸೇರಿ ಕಾರನ್ನು ಹಿಂದಕ್ಕೆ ತಳ್ಳಿ ರಸ್ತೆಗೆ ಬಿಟ್ಟರು.

ಟೋಯಿಂಗ್‌ಗೆ ಫೋನ್ ಮಾಡುವುದು ಬುದ್ಧಿವಂತರ ದಾರಿ. ನನ್ನ ಮೇಸ್ತ್ರಿಯ ಗ್ಯಾರೇಜು ಜೆ.ಪಿ. ನಗರದಲ್ಲಿದೆ, ಮಾರೇನಹಳ್ಳಿ ರಸ್ತೆಯಲ್ಲಿ ಹೋಗಿ ಬಲಕ್ಕೆ ತಿರುಗಿದರೆ ಆಯಿತು, ಅಷ್ಟು ದೂರಕ್ಕೆ ಎರಡು ಸಾವಿರ ಯಾಕೆ ಕೊಡಬೇಕು? ಆಕ್ಸಿಲರೇಟರ್ ಒತ್ತಿ, ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಟ್ಟು, ಮೂರನೇ ಗೇರಿನಲ್ಲೇ ಎಬ್ಬಿಸಿದೆ. ‘ಅಂಕಲ್, ಹ್ಯಾಂಡ್‌ಬ್ರೇಕ್ ತೆಗೀರಿ’ ಎಂದು ಸ್ಕೂಟರಿನ ಹುಡುಗಿ ಕೂಗಿ ಹೋದಳು.

ಒಮ್ಮೆ ಓಡಲು ಶುರುವಾದ ಮೇಲೆ ನಿಲ್ಲಿಸುವ ಧೈರ್ಯ ಬರಲಿಲ್ಲ. ಬಲಕ್ಕೆ ತಿರುಗುವ ಕಡೆ ಸಾಲುಗಟ್ಟಿ ವಾಹನ ನಿಂತಿದ್ದವು. ಎದುರಿಗೆ ಮಾತ್ರ ರಾಗಿಗುಡ್ಡದ ಡಬಲ್ ಡೆಕ್ಕರ್ ಮೇಲ್ಸೇತುವೆ ‘ಬಾ’ ಅಂತಿತ್ತು. ಹತ್ತಿಬಿಟ್ಟೆ. 2024ರ ಜುಲೈನಲ್ಲಿ ತೆರೆದ ಈ 3.36 ಕಿಲೋಮೀಟರ್ ಬಿಟ್ಟರೆ ನಮ್ಮ ಕಡೆ ಹಗಲಲ್ಲಿ ನಾಲ್ಕನೇ ಗೇರಿಗೆ ಕೆಲಸವೇ ಇಲ್ಲ. ತಲೆಯ ಮೇಲೆ ಮೆಟ್ರೋ, ಕೆಳಗೆ ಜಯದೇವ, ಬಿ.ಟಿ.ಎಂ. ಲೇಔಟಿನ ಗದ್ದಲ, ನಡುವೆ ನಾನು, ನಾಲ್ಕನೇ ಗೇರಿನಲ್ಲಿ ತೇಲಿಕೊಂಡು. ‘ನೋಡು, ಹೇಗೆ ಓಡ್ತಿದೆ!’ ಎಂದೆ. ‘ಗ್ಯಾರೇಜು ಹಿಂದೆ ಹೋಯ್ತಲ್ರೀ’ ಎಂದಳು.

ಆ ಸೇತುವೆ ನಮ್ಮನ್ನು ಇಳಿಸಿದ್ದು ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ. ಮೊದಲನೇ ಗೇರ್ ಇಲ್ಲದವನು ಭೂಮಿಯ ಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದು, ಸಿಲ್ಕ್ ಬೋರ್ಡಿಗೆ ಮಾತ್ರ ಹೋಗಬಾರದು. ಆರಡಿ ಸರಿ, ನಿಲ್ಲು, ಮತ್ತೆ ಆರಡಿ. ಪ್ರತಿ ಸಲವೂ ಮೂರನೆಯದರಲ್ಲೇ ಎಬ್ಬಿಸಬೇಕು. ಹತ್ತನೇ ಸಲವೋ ಹನ್ನೊಂದನೆಯದೋ, ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು.

‘ಇದು ಕೊಬ್ಬರಿ ಎಣ್ಣೆ ವಾಸನೆ ಅಲ್ಲ’ ಎಂದಳು ಹೆಂಡತಿ. ಕುಂಕುಮದ ಪೊಟ್ಟಣ ತೆಗೆದುಕೊಂಡು ಇಳಿದು ಮೆಟ್ರೋ ನಿಲ್ದಾಣಕ್ಕೆ ನಡೆದೇಬಿಟ್ಟಳು. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಹೋಗಿ, ಹಸಿರು ಮಾರ್ಗ ಹಿಡಿದು, ಬನಶಂಕರಿಯಲ್ಲಿ ಇಳಿದು, ಮನೆ ಸೇರಿ ಸಾರಿಗೆ ಒಗ್ಗರಣೆ ಹಾಕಿದರೂ ನನ್ನ ಟೋಯಿಂಗ್ ಗಾಡಿ ಬಂದಿರಲಿಲ್ಲ. ಬಂದಾಗ 2,200 ರೂಪಾಯಿ ಕೇಳಿದ. ಚೌಕಾಸಿ ಮಾಡುವ ಮುಖ ನನಗೆ ಉಳಿದಿರಲಿಲ್ಲ.

ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ವಿಚಾರಿಸಿದ್ದೆ. ಕೇಬಲ್ ಸೆಟ್ ಪೂರ್ತಿ ಬದಲಿಸಬೇಕು, 9,400, ಕೂಲಿ, ಜಿಎಸ್‌ಟಿ ಬೇರೆ ಅಂದರು. ನನ್ನ ಮೇಸ್ತ್ರಿ ಟಾರ್ಚ್ ಹಾಕಿ ಬಗ್ಗಿ ನೋಡಿ, ಎರಡೇ ನಿಮಿಷಕ್ಕೆ ಒಂದು ಪ್ಲಾಸ್ಟಿಕ್ ಚೂರನ್ನು ನನ್ನ ಅಂಗೈಗೆ ಹಾಕಿದ. ಶರ್ಟಿನ ಗುಂಡಿಗಿಂತ ಸ್ವಲ್ಪ ದಪ್ಪ, ಒಂದು ಕಡೆ ಸೀಳಿತ್ತು.

‘ಬುಷ್ಷು ಸಾರ್. ಲಿವರಿಂದ ಗೇರ್‌ಬಾಕ್ಸಿಗೆ ಎರಡು ಕೇಬಲ್ ಹೋಗುತ್ತೆ. ಒಂದು ಹಿಂದೆ ಮುಂದೆ ಎಳೆಯೋಕೆ, ಇನ್ನೊಂದು ಎಡ ಬಲಕ್ಕೆ. ಈ ಬುಷ್ ಒಡೆದು ಎಡ ಬಲದ್ದು ಕಳಚಿಕೊಂಡಿದೆ. ಒಳಗಿರೋ ಸ್ಪ್ರಿಂಗು ತಾನಾಗೇ ನಡುಸಾಲಿಗೆ ತಂದು ನಿಲ್ಲಿಸುತ್ತೆ. ನಡುಸಾಲಲ್ಲಿ ಇರೋದು ಮೂರು, ನಾಲ್ಕು.’

ಹುಡುಗ ಜೆ.ಸಿ. ರಸ್ತೆಗೆ ಹೋಗಿ ಹೊಸ ಬುಷ್ ತಂದ. 80 ರೂಪಾಯಿ. ಹಾಕಿದ ಕೂಲಿ 300. ನಾನು ಐನೂರರ ನೋಟು ಹಿಡಿದು, ಸರ್ವಿಸ್ ಸೆಂಟರಿನವರನ್ನು ಗೆದ್ದ ಖುಷಿಯಲ್ಲಿ ಚಿಲ್ಲರೆ ಕೇಳಿದೆ. ಮೇಸ್ತ್ರಿ ಕ್ಲಚ್ ಒತ್ತಿ ನೋಡಿ ಇಳಿದ. ಪ್ಲೇಟು ಸುಟ್ಟು ಕರಕಲು. ಗೇರ್‌ಬಾಕ್ಸ್ ಇಳಿಸಿ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗ್ ಎಲ್ಲ ಹೊಸದು ಹಾಕಬೇಕು. ಸಾಮಾನು 6,200, ಕೂಲಿ 2,500.

‘ಬುಷ್ 80 ರೂಪಾಯಿ ಸಾರ್. ನಿಮ್ಮ ಡ್ರೈವಿಂಗ್ 8,700.’

ಮನೆಯಲ್ಲಿ ಒಟ್ಟು 11,280 ಅಂತ ಹೇಳಿಲ್ಲ, 380 ಅಂತ ಹೇಳಿದ್ದೇನೆ. ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ ಎಂಬುದು ಈಗ ನೆನಪಾಗುತ್ತಿದೆ.

ಕಾರು ಮಾರುವುದಿದೆ. ಓಡಿಸಿದ್ದು ಒಬ್ಬರೇ, ಬುಷ್ ಹೊಸದು, ಕ್ಲಚ್ ಹೊಸದು. ಐದನೇ ಗೇರನ್ನಂತೂ ಇನ್ನೂ ಬಳಸಿಯೇ ಇಲ್ಲ.