ಲಂಡನ್ನಿನ ಹೋಟೆಲ್ ಬಾರಿನಲ್ಲಿ ಒಂದೇ ಗ್ಲಾಸು

ಮೇಷ್ಟ್ರೇ, ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಒಂದು ರಾತ್ರಿ ಮಲಗಿ ಏಳುವುದು ನಮ್ಮಂಥ ಪಿಂಚಣಿದಾರರ ಕೈಗೆಟುಕುವ ಮಾತಲ್ಲ. ಆದರೆ ಅದೇ ಹೋಟೆಲಿನ ಅಮೆರಿಕನ್ ಬಾರ್‌ನಲ್ಲಿ ಒಂದು ಕಾಕ್‌ಟೇಲ್ ತರಿಸಿಕೊಂಡು, ಪಿಯಾನೊ ಕೇಳುತ್ತಾ ನಿಧಾನವಾಗಿ ಕೂತು ಬರಲು ಒಂದು ಗ್ಲಾಸಿನ ದುಡ್ಡಿದ್ದರಾಯಿತು. ರೂಪಾಯಿ ಲೆಕ್ಕಕ್ಕೆ ಇಳಿದರೆ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೂ ಮಗಳ ಮನೆಗೆ ಹೋದಾಗ ಆ ದುಡ್ಡು ಖರ್ಚು ಮಾಡಿ. ನುರಿತ ಕೈಯೊಂದು ನಮಗೋಸ್ಕರವೇ ಕೆಲಸ ಮಾಡುವುದನ್ನು ಕಣ್ಣೆದುರು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಆ ಊರಲ್ಲಿ ನನಗೆ ಕಂಡಿಲ್ಲ.

ನಮ್ಮ ಕಡೆ ಕುಡಿತದ ರೀತಿ ನಿಮಗೂ ಗೊತ್ತೇ ಇದೆ. ವೈನ್ ಶಾಪಿನ ಕೌಂಟರಿನ ಮುಂದೆ ನಿಂತಲ್ಲೇ ಕ್ವಾರ್ಟರ್ ಮುಗಿಸಿ, ನಾಲ್ಕು ಕಡಲೇಬೀಜ ಬಾಯಿಗೆ ಹಾಕಿಕೊಂಡು, ಗುರುತಿನವರು ಯಾರಾದರೂ ನೋಡಿಯಾರು ಅಂತ ತಲೆ ತಗ್ಗಿಸಿ ಹೊರಟುಬಿಡುವುದು. ಹೀಗೆ ಕದ್ದುಮುಚ್ಚಿ ಕುಡಿಯುವ ಕಡೆ ರುಚಿಯ ಪ್ರಶ್ನೆಯೇ ಏಳುವುದಿಲ್ಲ, ಏರಿದರೆ ಮುಗಿಯಿತು. ಮನೆಮಠ ಹಾಳಾಗುವುದು ಬಹಳ ಸಲ ಈ ಅವಸರದಿಂದಲೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಳ್ಳೆಯ ಹೋಟೆಲ್ ಬಾರಿನಲ್ಲಿ ಅವಸರಕ್ಕೆ ಆಸ್ಪದವೇ ಇಲ್ಲ. ಮೊದಲು ಕೂರಿಸುತ್ತಾರೆ, ನೀರು ತಂದಿಡುತ್ತಾರೆ, ಆಲಿವ್ ಕಾಯಿಯೋ ಹುರಿದ ಬಾದಾಮಿಯೋ ಬರುತ್ತದೆ. ಆಮೇಲೆ ಏನು ಬೇಕು ಅಂತ ವಿಚಾರಿಸುತ್ತಾರೆ.

ಸವಾಯ್ ಶುರುವಾದದ್ದು 1889ರಲ್ಲಿ. ಕಟ್ಟಿಸಿದಾತ ರಿಚರ್ಡ್ ಡಾಯ್ಲಿ ಕಾರ್ಟ್, ನಾಟಕದ ಮನುಷ್ಯ. ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ ಸಂಗೀತನಾಟಕಗಳು ತಂದುಕೊಟ್ಟ ಹಣ ಅದು. ನಾಟಕದ ದುಡ್ಡಿನಲ್ಲಿ ಅಂಥ ಹೋಟೆಲು ಎದ್ದು ನಿಂತಿತಲ್ಲ ಅಂತ ನನಗೆ ಇವತ್ತಿಗೂ ಖುಷಿ. ಐಸ್ ಹಾಕಿ ಪಾನೀಯ ಬೆರೆಸುವುದು ಆಗ ಅಮೆರಿಕದ ಪದ್ಧತಿ, ಹಾಗಾಗಿ ಅಂಥ ಬಾರುಗಳಿಗೆಲ್ಲ ಅಮೆರಿಕನ್ ಬಾರ್ ಅನ್ನುತ್ತಿದ್ದರು. ಆ ಬಾರಿನ ಮುಖ್ಯಸ್ಥೆಯಾಗಿ 1903ರಲ್ಲಿ ಬಂದವರು ಏಡಾ ಕೋಲ್ಮನ್. ಹೌದು, ಹೆಂಗಸು! ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಇನ್ನೂ ಓಟೇ ಇಲ್ಲದ ಕಾಲ. ಇಪ್ಪತ್ತು ವರ್ಷಕ್ಕೂ ಮೇಲೆ ಅವರು ಆ ಕೌಂಟರಿನ ಹಿಂದೆ ನಿಂತರು. ಚಾರ್ಲ್ಸ್ ಹಾಟ್ರಿ ಎಂಬ ನಟ ಒಮ್ಮೆ ಸುಸ್ತಾಗಿ ಬಂದು, ಮೈ ಚುರುಕಾಗುವಂಥದ್ದು ಏನಾದರೂ ಕೊಡು ಅಂದನಂತೆ. ಅವರು ಜಿನ್ನನ್ನೂ ಸಿಹಿ ವರ್ಮುತ್ ಅನ್ನುವ ಬೇರುನಾರು ಬೆರೆಸಿದ ವೈನನ್ನೂ ಸಮಸಮ ಹಾಕಿ, ಫರ್ನೆಟ್ ಬ್ರಾಂಕಾ ಅನ್ನುವ ಇಟಲಿಯ ಕಹಿ ಮದ್ಯ ಒಂದೆರಡು ಹನಿ ಬಿಟ್ಟು ಬೆರೆಸಿಕೊಟ್ಟರು. ಅದೇ ಹ್ಯಾಂಕಿ ಪ್ಯಾಂಕಿ. ಕುಡಿದವನ ಬಾಯಿಂದ ಬಂದ ಉದ್ಗಾರವೇ ಹೆಸರಾಗಿ ನಿಂತಿತು. ಮೊದಲ ಗುಟುಕು ಸಿಹಿ. ಅದು ಗಂಟಲಿಗೆ ಇಳಿದ ಮೇಲೆ ಬೇರುನಾರಿನ ಕಹಿ ಎದ್ದು ಬಂದು ನಾಲಗೆಯ ಹಿಂಬದಿಯಲ್ಲಿ ಬಹಳ ಹೊತ್ತು ಕೂರುತ್ತದೆ.

ಏಡಾ ಅವರ ನಂತರ ಹೆಸರಾದವನು ಹ್ಯಾರಿ ಕ್ರಾಡಾಕ್. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಕಸುಬು ಪಳಗಿದ್ದು ಅಮೆರಿಕದಲ್ಲಿ. ಅಲ್ಲಿ 1920ರಲ್ಲಿ ಪಾನನಿಷೇಧ ಬಂತು, ಈತ ವಾಪಸು ಹಡಗು ಹತ್ತಿದ. ಈತ ಬರೆದ ಸವಾಯ್ ಕಾಕ್‌ಟೇಲ್ ಪುಸ್ತಕ 1930ರಲ್ಲಿ ಅಚ್ಚಾಯಿತು. ಇವತ್ತಿಗೂ ಆ ಕಸುಬಿನವರು ಅದನ್ನು ತೆರೆದು ನೋಡುತ್ತಾರೆ. ಅದರಲ್ಲಿರುವ ವೈಟ್ ಲೇಡಿಗೆ ಬೇಕಾದದ್ದು ಜಿನ್, ಕಿತ್ತಳೆ ಸಿಪ್ಪೆಯಿಂದ ಮಾಡುವ ಕ್ವಾಂತ್ರೋ, ನಿಂಬೆರಸ, ಅಷ್ಟೇ. ಎಷ್ಟೋ ಕಡೆ ಮೊಟ್ಟೆಯ ಬಿಳಿಯನ್ನೂ ಸೇರಿಸುತ್ತಾರೆ, ಮೇಲೆ ನೊರೆ ನಿಲ್ಲಲಿ ಅಂತ.

ಒಂದು ವಿಷಯ ಗಮನಿಸಿ. ನಿಂಬೆರಸವೋ ಕೆನೆಯೋ ಮೊಟ್ಟೆಯೋ ಬಿದ್ದಿದ್ದರೆ ಶೇಕರಿಗೆ ಹಾಕಿ ಜೋರಾಗಿ ಕುಲುಕುತ್ತಾರೆ. ಬರೀ ಮದ್ಯಗಳ ಮಿಶ್ರಣವಾದರೆ ಉದ್ದ ಚಮಚೆಯಲ್ಲಿ ಸದ್ದಿಲ್ಲದೆ ತಿರುಗಿಸುತ್ತಾರೆ, ಅದು ಕದಡದೆ ತಿಳಿಯಾಗಿ ಉಳಿಯಬೇಕು. ಎರಡರಲ್ಲೂ ಐಸಿನ ಕೆಲಸ ತಣ್ಣಗೆ ಮಾಡುವುದಷ್ಟೇ ಅಲ್ಲ. ಕರಗಿದ ಒಂದಿಷ್ಟು ನೀರು ಸೇರಿದರೇ ಮದ್ಯದ ಖಾರ ಇಳಿಯುವುದು. ಎಷ್ಟು ಹೊತ್ತು ತಿರುಗಿಸಬೇಕು ಅನ್ನುವುದರಲ್ಲೇ ಬಾರ್‌ಟೆಂಡರನ ಕೈಗುಣ ಗೊತ್ತಾಗುವುದು.

ಐಸಿನ ಈ ನಿಯಮವನ್ನೇ ಮುರಿದ ಜಾಗ ಒಂದಿದೆ, ಸೇಂಟ್ ಜೇಮ್ಸ್ ಬಡಾವಣೆಯ ಡ್ಯೂಕ್ಸ್ ಬಾರ್. ಒಳಗಲ್ಲಿಯ ಕೊನೆಯಲ್ಲಿರುವ ಪುಟ್ಟ ಹೋಟೆಲು. 1980ರ ದಶಕದಲ್ಲಿ ಸ್ಟ್ಯಾಂಟನ್ ಡೆಲಾಪ್ಲೇನ್ ಎಂಬ ಅಮೆರಿಕನ್ ಪತ್ರಕರ್ತ ಅಲ್ಲಿ ಜಿನ್ನಿಗೆ ಚೂರು ವರ್ಮುತ್ ಬೆರೆಸುವ ಮಾರ್ಟಿನಿ ಕೇಳಿ, ಇನ್ನೂ ತಣ್ಣಗಿರಬೇಕು, ಇನ್ನೂ ಡ್ರೈ ಆಗಿರಬೇಕು, ಅಂದರೆ ವರ್ಮುತ್ ಇನ್ನೂ ಕಡಿಮೆ ಇರಬೇಕು ಅಂತ ಪಟ್ಟು ಹಿಡಿದ. ಬಾರ್‌ಟೆಂಡರ್ ಸಾಲ್ವತೋರೆ ಕಲಾಬ್ರೇಸೆ ಯೋಚಿಸಿ ಯೋಚಿಸಿ ಜಿನ್ ಬಾಟಲಿಯನ್ನೇ ಫ್ರೀಜರಿಗೆ ಇಟ್ಟರು. ಐಸೇ ಇಲ್ಲದ ಮಾರ್ಟಿನಿ ಹುಟ್ಟಿತು. ಆಮೇಲೆ ಅದಕ್ಕೆ ದೊಡ್ಡ ಹೆಸರು ತಂದವರು ಅಲೆಸ್ಸಾಂಡ್ರೊ ಪಲಾಝಿ.

ಅದು ಕುಳಿತಲ್ಲಿಗೇ ಬರುವ ರೀತಿ ನೋಡಬೇಕು. ಮರದ ತಳ್ಳುಗಾಡಿಯೊಂದು ನಿಮ್ಮ ಮೇಜಿನ ಪಕ್ಕ ಬಂದು ನಿಲ್ಲುತ್ತದೆ. ಮಂಜು ಹಿಡಿದ ಗ್ಲಾಸಿಗೆ ಸ್ವಲ್ಪ ವರ್ಮುತ್ ಹನಿಸಿ, ಒಳಮೈಗೆಲ್ಲ ತಾಗುವ ಹಾಗೆ ತಿರುಗಿಸಿ, ಉಳಿದದ್ದನ್ನು ಕೆಳಗಿನ ಕಾರ್ಪೆಟ್ಟಿಗೇ ಚೆಲ್ಲುವುದು ಪಲಾಝಿ ರೂಢಿ ಮಾಡಿದ್ದು. ಬಳಿಕ ಜಿನ್. ಫ್ರೀಜರಿನಲ್ಲಿದ್ದೂ ಅದು ಗಟ್ಟಿಯಾಗುವುದಿಲ್ಲ, ಹರಳೆಣ್ಣೆಯ ಹಾಗೆ ಮಂದವಾಗಿ ಇಳಿಯುತ್ತದೆ. ಕೊನೆಗೆ ಇಟಲಿಯ ದಪ್ಪ ನಿಂಬೆಹಣ್ಣಿನ ಸಿಪ್ಪೆ ಹೆರೆದು ಮೇಲೆ ಹಿಂಡಿದರೆ ಅದರ ಎಣ್ಣೆ ಗ್ಲಾಸಿನ ಮೇಲ್ಮೈಯಲ್ಲಿ ಹೊಳೆಯುತ್ತದೆ. ನೀರೇ ಬೆರೆಯದ ಕಾರಣ ಅದು ಭಾರೀ ಕಡಕ್ಕು. ಹಾಗಾಗಿ ಒಬ್ಬರಿಗೆ ಎರಡೇ, ಮೂರನೆಯದು ಕೇಳಿದರೂ ಕೊಡುವುದಿಲ್ಲ. ಮಾರುವವರೇ ಸಾಕು ಅನ್ನುವ ಜಾಗವನ್ನು ಮೆಚ್ಚದೆ ಇರುವುದು ಹೇಗೆ ಹೇಳಿ? ಜೇಮ್ಸ್ ಬಾಂಡ್ ಕಥೆಗಳನ್ನು ಬರೆದ ಇಯಾನ್ ಫ್ಲೆಮಿಂಗ್ ಇಲ್ಲಿಗೆ ಬರುತ್ತಿದ್ದ ಅನ್ನುತ್ತಾರೆ.

ಮೇಫೇರಿನ ಕನ್ನಾಟ್ ಬಾರಿನಲ್ಲೂ ಮಾರ್ಟಿನಿಯ ಗಾಡಿ ಬರುತ್ತದೆ. ಅಲ್ಲಿ ಬಿಟರ್ಸ್ ಅನ್ನುವ ಕಹಿಸಾರಗಳ ಪುಟ್ಟ ಸೀಸೆಗಳನ್ನು ಮೂಸಲು ಕೊಟ್ಟು, ನಿಮಗೊಪ್ಪಿದ್ದನ್ನು ಆರಿಸಿಕೊಳ್ಳಿ ಅನ್ನುತ್ತಾರೆ. ಅದರಲ್ಲಿ ಏಲಕ್ಕಿಯದೂ ಉಂಟು. ಸಕಲೇಶಪುರದ ಕಡೆಯವರು ನೀವು, ನಿಮಗೆ ಅದನ್ನೇ ಹೇಳುತ್ತೇನೆ. ಹಾಗೇ ಬಾಟಲಿಗಳ ಸಾಲಿನಲ್ಲಿ ನಮ್ಮ ಬೆಂಗಳೂರಿನ ಅಮೃತ್ ಇದೆಯೇ ಅಂತಲೂ ಕೇಳಿ. ಆ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ನಮ್ಮೂರ ಅಂಗಡಿಗೆ ಆಮೇಲೆ.

ಮನೆಯವರು ಕುಡಿಯುವುದಿಲ್ಲ, ಅವರನ್ನು ಬಿಟ್ಟು ಹೇಗೆ ಹೋಗಲಿ ಅನ್ನಬೇಡಿ. ಮದ್ಯವಿಲ್ಲದ್ದನ್ನೂ ಅಲ್ಲಿ ಅಷ್ಟೇ ಅಕ್ಕರೆಯಿಂದ ಬೆರೆಸಿಕೊಡುತ್ತಾರೆ, ಅಷ್ಟೇ ಚೆಂದದ ಗ್ಲಾಸಿನಲ್ಲಿ. ಅವರ ರೇಷ್ಮೆ ಸೀರೆಗೆ ಆ ದೀಪದ ಬೆಳಕು ಒಪ್ಪುತ್ತದೆ. ನೀವು ಇಸ್ತ್ರಿ ಮಾಡಿದ ಶರ್ಟು, ಒಳ್ಳೆಯ ಬೂಟು ಹಾಕಿಕೊಳ್ಳಿ, ಮಗಳು ಹೇಳಿದಳು ಅಂತ ಸ್ಪೋರ್ಟ್ಸ್ ಶೂನಲ್ಲಿ ಹೋಗಬೇಡಿ. ಸಂಜೆ ಜನ ಸೇರುವ ಮೊದಲೇ ಹೋದರೆ ಕೌಂಟರಿನ ಎದುರಿಗೇ ಜಾಗ ಸಿಗಬಹುದು, ಕೈಚಳಕ ಕಾಣುವುದು ಅಲ್ಲಿಂದಲೇ. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದೆಯೇ ನೋಡಿಕೊಂಡು ಟಿಪ್ಸ್ ಇಡಿ. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೊರಡಿ, ಒಂದು ಗ್ಲಾಸಿಗೆ ಏಳಿ, ಬರುವಾಗ ಟ್ಯೂಬ್ ರೈಲು ಹಿಡಿಯಿರಿ. ಸವಾಯ್‌ಗೆ ಚಾರಿಂಗ್ ಕ್ರಾಸ್ ಹತ್ತಿರ, ಡ್ಯೂಕ್ಸ್‌ಗೆ ಗ್ರೀನ್ ಪಾರ್ಕ್.